ಎನ್‌ಎಚ್‌ಆರ್‌ಎ ಡ್ರ್ಯಾಗ್ ರೇಸಿಂಗ್: 20 ರೇಸ್‌ಗಳ ಸೀಸನ್ ಯಾವ ಲೆಕ್ಕದಲ್ಲಿ ಜೋಡಿಸ್ತಾರೆ?

ಹಳದಿಬಲ್ಬ್:

ಡ್ರ್ಯಾಗ್ ರೇಸ್ ಒಂದೊಂದಾಗಿ ನೋಡಿದರೆ ಅರ್ಥವಾಗುತ್ತೆ. ಎರಡು ಗಾಡಿ, ಒಂದು ಟ್ರೀ (ಹೊರಡೋಕೆ ಸೂಚನೆ ಕೊಡುವ ದೀಪಕಂಬ), ಮೊದಲು ಗೆರೆ ದಾಟಿದವರು ಗೆದ್ದರು. ಆದರೆ ಇಡೀ ಸೀಸನ್ ಹೇಗೆ ನಡೆಯುತ್ತೆ ಅನ್ನೋದು ತಲೆಗೆ ಹತ್ತುತ್ತಿಲ್ಲ. ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎಯ 2024ರ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೇಳ್ತಿದ್ದೀನಿ.

ಮಾರ್ಚ್‌ನಲ್ಲಿ ಫ್ಲಾರಿಡಾದಲ್ಲಿ ಶುರುವಾಗಿ ತಕ್ಷಣ ಕ್ಯಾಲಿಫೋರ್ನಿಯಾಕ್ಕೆ ಹಾರುತ್ತೆ, ಆಮೇಲೆ ಎಲ್ಲೆಲ್ಲೋ ತಿರುಗಿ ನವೆಂಬರ್‌ನಲ್ಲಿ ಮತ್ತೆ ಕ್ಯಾಲಿಫೋರ್ನಿಯಾ. ಕೆಲವು ಕಡೆ ವಾರ ಬಿಡದೆ ರೇಸ್, ಕೆಲವು ಕಡೆ ಮೂರು ವಾರ ಖಾಲಿ. ಲಾಸ್ ವೇಗಸ್, ಷಾರ್ಲಟ್, ಪೊಮೋನಾ ಎರಡೆರಡು ಸಲ ಬರುತ್ತವೆ. ಸೆಪ್ಟೆಂಬರ್‌ನಲ್ಲಿ ಅಂಕಪಟ್ಟಿ ಇದ್ದಕ್ಕಿದ್ದಂತೆ ಬದಲಾಗಿಬಿಡುತ್ತೆ. ಇದನ್ನೆಲ್ಲ ಯಾರು, ಯಾವ ಆಧಾರದ ಮೇಲೆ ತೀರ್ಮಾನ ಮಾಡ್ತಾರೆ? ಒಂದು ವಾರಾಂತ್ಯದೊಳಗೆ ಕೆಲಸ ಹೇಗೆ ಹಂಚಿಕೆಯಾಗಿರುತ್ತೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕ್ಲಚ್‌ಡಿಸ್ಕ್:

ಕ್ಯಾಲೆಂಡರ್ ಭಾಗ ನಾನು ಹೇಳ್ತೀನಿ. ಪಟ್ಟಿಯನ್ನ ತಾರೀಕಿನ ಕ್ರಮದಲ್ಲಿ ಓದಿದರೆ ಗೊಂದಲವೇ. ಲಾರಿಗಳು ಓಡುವ ದಾರಿಯಾಗಿ ನೋಡಿ, ಬಹಳಷ್ಟು ತಾನಾಗಿ ಬಿಡಿಸಿಕೊಳ್ಳುತ್ತೆ.

ವೃತ್ತಿಪರ ತಂಡಗಳಲ್ಲಿ ಬಹಳಷ್ಟು ಇಂಡಿಯಾನಾಪೊಲಿಸ್ ಪಕ್ಕದ ಬ್ರೌನ್ಸ್‌ಬರ್ಗ್ ಸುತ್ತಮುತ್ತ ಇವೆ. ಅಲ್ಲಿಂದ ಸಿಯಾಟಲ್‌ಗೆ 2,000 ಮೈಲಿಗೂ ಹೆಚ್ಚು. ಅತಿ ವೇಗದ ವರ್ಗವಾದ ಟಾಪ್ ಫ್ಯುಯೆಲ್‌ನ ಗಾಡಿಯ ಜೊತೆ ಬಿಡಿ ಎಂಜಿನ್, ಸಿಲಿಂಡರ್ ಹೆಡ್, ಸೂಪರ್‌ಚಾರ್ಜರ್, ಕ್ಲಚ್ ಉಜ್ಜುವ ಯಂತ್ರ, ಟೈರು ಎಲ್ಲ ಹೋಗಬೇಕು. ಅಂದರೆ ಅದೊಂದು ಓಡಾಡುವ ವರ್ಕ್‌ಶಾಪ್. ಅದನ್ನ ಒಂದೇ ರೇಸ್‌ಗಾಗಿ ಪಶ್ಚಿಮ ಕರಾವಳಿಗೆ ಒಯ್ದು ವಾಪಸ್ ತರೋದು ಯಾರಿಗೂ ಗಿಟ್ಟಲ್ಲ. ಹಾಗಾಗಿ ರೇಸ್‌ಗಳನ್ನ ಗೊಂಚಲು ಗೊಂಚಲಾಗಿ ಇಡ್ತಾರೆ.

2024ನ್ನೇ ನೋಡಿ. ಮಾರ್ಚ್ 7ರಿಂದ 10 ಗೇನ್ಸ್‌ವಿಲ್. ಆಮೇಲೆ ಲಾರಿಗಳು ಪಶ್ಚಿಮಕ್ಕೆ ಹೋದರೆ ಮಾರ್ಚ್ 21–24 ಪೊಮೋನಾ, ಏಪ್ರಿಲ್ 5–7 ಫೀನಿಕ್ಸ್, 12–14 ಲಾಸ್ ವೇಗಸ್. ಮೂರೂ ಮುಗಿಯುವ ತನಕ ಲಾರಿಗಳು ಆ ಕಡೆಯೇ ಇರಬಹುದು, ಹುಡುಗರು ನಡುವೆ ವಿಮಾನದಲ್ಲಿ ಮನೆಗೆ ಹೋಗಿ ಬರಬಹುದು. ಆಮೇಲೆ ಪೂರ್ವಕ್ಕೆ ಬಂದು ಷಾರ್ಲಟ್, ಷಿಕಾಗೋ. ಎಪ್ಪಿಂಗ್–ಬ್ರಿಸ್ಟಲ್ ಒಂದರ ಹಿಂದೆ ಒಂದು, ರಿಚ್‌ಮಂಡ್–ನಾರ್ವಾಕ್ ಒಂದರ ಹಿಂದೆ ಒಂದು. ಜೂನ್ 30ಕ್ಕೆ ನಾರ್ವಾಕ್ ಮುಗಿದ ಮೇಲೆ ಜುಲೈ 19ರವರೆಗೆ ಖಾಲಿ. ನೀವು ಕೇಳಿದ ಆ ಬಿಡುವು ಇದೇ. ಎಂಜಿನ್ ಬ್ಲಾಕ್ ರಿಪೇರಿ, ಚಾಸಿ ಪರೀಕ್ಷೆ, ಜನರ ರಜೆ ಎಲ್ಲ ಅದರೊಳಗೆ. ನಂತರ ಸಿಯಾಟಲ್ ಪಕ್ಕದ ಕೆಂಟ್, ಮರುವಾರವೇ ಸುಮಾರು 800 ಮೈಲಿ ದಕ್ಷಿಣಕ್ಕೆ ಸೊನೋಮಾ.

ಈ ಜುಲೈ ಪ್ರವಾಸಕ್ಕೆ ವೆಸ್ಟರ್ನ್ ಸ್ವಿಂಗ್ ಅಂತ ಹೆಸರು. ಡೆನ್ವರ್ ಹತ್ತಿರದ ಬ್ಯಾಂಡಿಮೇರ್ ಇದ್ದಾಗ ಅದು ಮೂರು ರೇಸ್‌ಗಳ ಸ್ವಿಂಗ್. ಆ ಟ್ರ್ಯಾಕ್ 2023ರ ನಂತರ ಮುಚ್ಚಿತು. ಸಮುದ್ರಮಟ್ಟದಿಂದ ಸುಮಾರು 5,800 ಅಡಿ ಎತ್ತರದಲ್ಲಿತ್ತು. ಗಾಳಿ ತೆಳು, ಅದಕ್ಕೆ ನೈಟ್ರೋ ಗಾಡಿಗಳು (ನೈಟ್ರೋಮೀಥೇನ್ ಇಂಧನದ ಟಾಪ್ ಫ್ಯುಯೆಲ್, ಫನ್ನಿ ಕಾರ್ ವರ್ಗಗಳು) ಸೂಪರ್‌ಚಾರ್ಜರ್‌ನ ಪುಲ್ಲಿ ಬದಲಿಸಿ ಜೋರಾಗಿ ತಿರುಗಿಸಬೇಕಿತ್ತು, ಪೆಟ್ರೋಲ್ ಎಂಜಿನ್‌ನ ಪ್ರೊ ಸ್ಟಾಕ್ ವರ್ಗದವರು ಗೇರ್ ಅನುಪಾತವನ್ನೇ ಬದಲಿಸಬೇಕಿತ್ತು. ಮರುವಾರ ಮತ್ತೆ ತಗ್ಗಿನ ಟ್ರ್ಯಾಕ್, ಎಲ್ಲ ಹಿಂದಿನಂತೆ. ಮೂರೂ ಗೆಲ್ಲೋದು ಅಷ್ಟು ದೊಡ್ಡ ಮಾತಾಗಿದ್ದು ಅದಕ್ಕೇ. ನನ್ನ ಮಟ್ಟಿಗೆ ಬ್ಯಾಂಡಿಮೇರ್ ಹೋದದ್ದು ಕ್ಯಾಲೆಂಡರ್‌ಗೆ ಆದ ದೊಡ್ಡ ನಷ್ಟ. ಮಧ್ಯಪಶ್ಚಿಮದಿಂದ ಕರಾವಳಿಗೆ ಹೋಗುವ ದಾರಿಯಲ್ಲಿ ತಂಗೋಕೆ ಅಂತ ಇದ್ದ ಜಾಗ ಅದು.

ಎರಡನೇ ಸಂಗತಿ, ಟ್ರ್ಯಾಕ್ ಯಾರದ್ದು ಅನ್ನೋದು. ಗೇನ್ಸ್‌ವಿಲ್ ಮತ್ತು ಇಂಡಿಯಾನಾಪೊಲಿಸ್ ಎನ್‌ಎಚ್‌ಆರ್‌ಎಯ ಸ್ವಂತದ್ದು. ಷಾರ್ಲಟ್, ಲಾಸ್ ವೇಗಸ್, ಬ್ರಿಸ್ಟಲ್, ಸೊನೋಮಾ ಸ್ಪೀಡ್‌ವೇ ಮೋಟರ್‌ಸ್ಪೋರ್ಟ್ಸ್ ಕಂಪನಿಯವು. ಅದೇ ಆವರಣದಲ್ಲಿ ಬೇರೆ ಕಾರ್ ರೇಸ್‌ಗಳೂ ಇರುತ್ತವೆ, ಅವುಗಳ ತಾರೀಕು ಬಿಟ್ಟು ಉಳಿದದ್ದರಲ್ಲಿ ಜಾಗ ಹುಡುಕಬೇಕು. ಉಳಿದವು ಬಹುತೇಕ ಖಾಸಗಿ ಮಾಲೀಕರವು, ಅವರ ಜೊತೆ ಒಪ್ಪಂದ. ಅಟ್ಲಾಂಟಾ 2021ರಲ್ಲಿ, ಹ್ಯೂಸ್ಟನ್ 2022ರಲ್ಲಿ ಕೊನೆಯ ರೇಸ್ ಕಂಡವು. ಊರು ಬೆಳೆದು ನೆಲದ ಬೆಲೆ ಏರಿದಂತೆ ಪಟ್ಟಿಯಿಂದ ಹೆಸರುಗಳು ಉದುರುತ್ತಿವೆ. ಕೆಲವು ಟ್ರ್ಯಾಕ್‌ಗೆ ಎರಡೆರಡು ತಾರೀಕು ಸಿಗೋದಕ್ಕೆ ಒಂದು ಕಾರಣ ಇದು. ನಾಲ್ಕು ವೃತ್ತಿಪರ ವರ್ಗಗಳಿಗೂ ಪಿಟ್ (ಗಾಡಿ ಬಿಚ್ಚಿ ಕಟ್ಟುವ ಜಾಗ), ದೊಡ್ಡ ಗ್ಯಾಲರಿ, ಗೆರೆ ದಾಟಿದ ಗಾಡಿ ನಿಲ್ಲೋಕೆ ಉದ್ದನೆಯ ಷಟ್‌ಡೌನ್ ಜಾಗ, ಟಿವಿ ವ್ಯವಸ್ಥೆ ಎಲ್ಲ ಒಟ್ಟಿಗಿರುವ ಟ್ರ್ಯಾಕ್‌ಗಳು ಕೈಬೆರಳಲ್ಲಿ ಎಣಿಸುವಷ್ಟೇ.

ಮೂರನೇದು ಹವಾಮಾನ. ಮಾರ್ಚ್‌ನಲ್ಲಿ ಮಿನ್ನೆಸೋಟದ ಬ್ರೈನರ್ಡ್‌ನಲ್ಲಿ ರೇಸ್ ಮಾಡೋಕಾಗಲ್ಲ, ಅದು ಆಗಸ್ಟ್‌ಗೇ. ಜುಲೈನಲ್ಲಿ ಫೀನಿಕ್ಸ್‌ನ ಬಿಸಿಲಲ್ಲಿ ಟೈರು ನೆಲ ಕಚ್ಚಲ್ಲ, ಅದು ಏಪ್ರಿಲ್‌ಗೆ. ಕೊನೆಯ ಎರಡು ರೇಸ್ ಲಾಸ್ ವೇಗಸ್, ಪೊಮೋನಾದಲ್ಲಿ ಇರೋದು ನವೆಂಬರ್‌ನಲ್ಲಿ ಮಳೆ, ಹಿಮದ ಕಾಟ ಕಡಿಮೆ ಇರುವ ಜಾಗ ಬೇಕಾದ್ದರಿಂದ.

ಅಲುಗಾಡದ ಗೂಟ ಅಂದರೆ ಒಂದೇ: ಲೇಬರ್ ಡೇ (ಸೆಪ್ಟೆಂಬರ್‌ನ ಮೊದಲ ಸೋಮವಾರ) ವಾರಾಂತ್ಯದ ಯು.ಎಸ್. ನ್ಯಾಷನಲ್ಸ್. 1955ರಲ್ಲಿ ಕ್ಯಾನ್ಸಸ್‌ನ ಗ್ರೇಟ್ ಬೆಂಡ್‌ನಲ್ಲಿ ಶುರುವಾದದ್ದು, 1961ರಿಂದ ಇಂಡಿಯಾನಾಪೊಲಿಸ್‌ನಲ್ಲಿ. ಮಿಕ್ಕ ಪಟ್ಟಿಯನ್ನ ಅದರ ಆಚೆ ಈಚೆ ಕಟ್ಟುತ್ತಾರೆ ಅಂದುಕೊಳ್ಳಿ.

ಟೈಮ್‌ಸ್ಲಿಪ್:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ: 20 ರೇಸ್ ಅಂದರೆ ಎಲ್ಲರಿಗೂ 20 ಅಲ್ಲ. ಟಾಪ್ ಫ್ಯುಯೆಲ್, ಫನ್ನಿ ಕಾರ್ ಎಲ್ಲ ಕಡೆ ಓಡ್ತವೆ. ಪ್ರೊ ಸ್ಟಾಕ್ ಮತ್ತು ಪ್ರೊ ಸ್ಟಾಕ್ ಮೋಟಾರ್‌ಸೈಕಲ್ ವರ್ಗಗಳಿಗೆ ಅದಕ್ಕಿಂತ ಕಡಿಮೆ, ಬೈಕ್‌ಗಳಿಗೆ ಎಲ್ಲಕ್ಕಿಂತ ಕಡಿಮೆ. ಟಿಕೆಟ್ ತಗೊಳ್ಳೋ ಮುಂಚೆ ಆ ರೇಸ್‌ನಲ್ಲಿ ಯಾವ ವರ್ಗಗಳಿವೆ ಅಂತ ನೋಡಿಕೊಳ್ಳಿ. ಇನ್ನೊಂದು: ನೈಟ್ರೋ ವರ್ಗಗಳು ಓಡೋದು 1,000 ಅಡಿ. 2008ರ ಜೂನ್‌ನಲ್ಲಿ ಎಂಗ್ಲಿಷ್‌ಟೌನ್ ಟ್ರ್ಯಾಕ್‌ನಲ್ಲಿ ಫನ್ನಿ ಕಾರ್ ಚಾಲಕ ಸ್ಕಾಟ್ ಕಲಿಟ್ಟಾ ಅಪಘಾತದಲ್ಲಿ ತೀರಿಕೊಂಡ ಮೇಲೆ ಕಾಲು ಮೈಲಿಯಿಂದ ಅಷ್ಟಕ್ಕೆ ಇಳಿಸಿದರು. ಪ್ರೊ ಸ್ಟಾಕ್‌ನ ಎರಡೂ ವರ್ಗ ಈಗಲೂ 1,320 ಅಡಿ. ಎರಡರ ಟೈಮ್ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಈಗ ವಾರಾಂತ್ಯ. ಶುಕ್ರವಾರ, ಶನಿವಾರ ಕ್ವಾಲಿಫೈಯಿಂಗ್ (ಅರ್ಹತಾ ಓಟ), ಭಾನುವಾರ ಎಲಿಮಿನೇಷನ್ (ಸೋತವರು ಹೊರಹೋಗುವ ಸುತ್ತುಗಳು). ಸಾಮಾನ್ಯವಾಗಿ ಕ್ವಾಲಿಫೈಯಿಂಗ್‌ಗೆ 3 ಅಥವಾ 4 ಓಟ, ಇಂಡಿಯಲ್ಲಿ (ಇಂಡಿಯಾನಾಪೊಲಿಸ್‌ನ ಯು.ಎಸ್. ನ್ಯಾಷನಲ್ಸ್) 5. ಅಲ್ಲಿ ಎಲಿಮಿನೇಷನ್ ಸೋಮವಾರ. ಎಲ್ಲ ಓಟಗಳಲ್ಲಿ ನಿಮ್ಮ ಅತಿ ಕಡಿಮೆ ಟೈಮ್ ಯಾವುದೋ ಅದೇ ಲೆಕ್ಕ. ಮೊದಲ 16 ಗಾಡಿ ಒಳಗೆ. 1ಕ್ಕೆ 16 ಎದುರಾಳಿ, 8ಕ್ಕೆ 9, ಹೀಗೆ ಏಣಿ ಕಟ್ಟಿಬಿಡ್ತಾರೆ, ಆಮೇಲೆ ಅದು ಬದಲಾಗಲ್ಲ. 15 ಗಾಡಿಯೇ ಬಂದಿದ್ದರೆ ಮೊದಲನೆಯವರಿಗೆ ಮೊದಲ ಸುತ್ತಿನಲ್ಲಿ ಎದುರಾಳಿ ಇರಲ್ಲ. ಆದರೂ ಅವರು ತಮ್ಮ ಎಂಜಿನ್ ಶಕ್ತಿಯಲ್ಲೇ ಹೊರಡುವ ಗೆರೆಗೆ ಬಂದು ಹಸಿರು ದೀಪಕ್ಕೆ ಹೊರಡಲೇಬೇಕು.

ಶುಕ್ರವಾರ ಸಂಜೆಯ ಓಟ ತಪ್ಪಿಸಬೇಡಿ. ಗಾಳಿ ತಂಪು, ನೆಲ ತಂಪು, ಒಳ್ಳೆ ಟೈಮ್ ಬರೋದೇ ಆಗ. ತಂಡಗಳು ಕ್ಲಚ್ ಮತ್ತು ಇಗ್ನಿಷನ್ ಎರಡನ್ನೂ ಗಟ್ಟಿಯಾಗಿ ಇಟ್ಟು ಬರ್ತವೆ. ಶನಿವಾರ ಮಧ್ಯಾಹ್ನದ ಓಟದಲ್ಲಿ ಅದೇ ಗಾಡಿ ನಿಧಾನವಾಗಿ ಕಂಡರೆ ಗಾಬರಿ ಬೇಡ. ಭಾನುವಾರದ ಸುಡುಬಿಸಿಲಿನ ನೆಲಕ್ಕೆ ಸರಿಹೊಂದುವ ಟ್ಯೂನ್ ಹುಡುಕ್ತಿರ್ತಾರೆ. ಗೆಲ್ಲಿಸೋದು ಆ ಟ್ಯೂನ್. ಶುಕ್ರವಾರದ ಒಂದೇ ಓಟದ ಮೇಲೆ 1ನೇ ಸ್ಥಾನ ಹಿಡಿದು ಶನಿವಾರ ಎರಡೂ ಸಲ ಟೈರು ಸುಟ್ಟ (ಹಿಡಿತ ತಪ್ಪಿ ಚಕ್ರ ಸುಮ್ಮನೆ ತಿರುಗಿದ) ಗಾಡಿ ಭಾನುವಾರ ಮೊದಲ ಸುತ್ತಿನಲ್ಲೇ ಹೋಗೋದು ಅಪರೂಪವೇನಲ್ಲ.

ಶನಿವಾರದ ಕ್ವಾಲಿಫೈಯಿಂಗ್ ಒಳಗೇ ಇನ್ನೊಂದು ಪುಟ್ಟ ಸ್ಪರ್ಧೆ ಉಂಟು. ಹಿಂದಿನ ರೇಸ್‌ನಲ್ಲಿ ಸೆಮಿಫೈನಲ್ ತಲುಪಿದ ನಾಲ್ವರು ಅದೇ ಜೋಡಿಯಲ್ಲಿ ಮತ್ತೆ ಎದುರಾಗ್ತಾರೆ. 2023ರಲ್ಲಿ ಮಿಷನ್ ಫುಡ್ಸ್ ಹೆಸರಲ್ಲಿ ಶುರುವಾದದ್ದು. ಗೆದ್ದವರಿಗೆ 3, ಎರಡನೆಯವರಿಗೆ 2, ಸೋತವರಲ್ಲಿ ವೇಗವಾಗಿ ಓಡಿದವರಿಗೆ 1 ಬೋನಸ್ ಅಂಕ. ಆ ಓಟಗಳು ಕ್ವಾಲಿಫೈಯಿಂಗ್ ಟೈಮ್ ಆಗಿಯೂ ಲೆಕ್ಕಕ್ಕೆ ಬರ್ತವೆ.

ಭಾನುವಾರದ ವೇಳಾಪಟ್ಟಿಯನ್ನ ಹಿಂದಿನಿಂದ ಮುಂದಕ್ಕೆ ಬರೀತಾರೆ. ಫೈನಲ್ ಟಿವಿಯಲ್ಲಿ ಎಷ್ಟು ಗಂಟೆಗೆ, ಅಲ್ಲಿಂದ ಲೆಕ್ಕ. ಎರಡು ಸುತ್ತಿನ ನಡುವೆ ತಂಡಕ್ಕೆ ಸುಮಾರು 75 ನಿಮಿಷ ಸಿಗಬೇಕು. ನಾಲ್ಕು ವರ್ಗಕ್ಕೂ 16 ಗಾಡಿ ಇದ್ದರೆ ಮೊದಲ ಸುತ್ತಿಗೆ 32 ಜೋಡಿ. ಜೋಡಿಗೆ ಎರಡೂವರೆ ನಿಮಿಷ ಹಿಡಿದರೂ 80 ನಿಮಿಷ, ಅಂದರೆ ಓಟ ಮುಗಿಯೋ ಹೊತ್ತಿಗೆ ಮೊದಲು ಓಡಿದವರು ಸಿದ್ಧ. ಎರಡನೇ ಸುತ್ತಿಗೆ 16 ಜೋಡಿ, 40 ನಿಮಿಷಕ್ಕೆ ಖಾಲಿ. ಸೆಮಿಗೆ 8, ಫೈನಲ್‌ಗೆ 4. ಟ್ರ್ಯಾಕ್ ಸುಮ್ಮನೆ ಕೂತಿರುತ್ತೆ, ಪಿಟ್‌ನಲ್ಲಿ ಮಾತ್ರ ಯಾರಿಗೂ ತಲೆ ಎತ್ತೋಕೆ ಪುರುಸೊತ್ತಿಲ್ಲ. ಆ ಖಾಲಿ ಹೊತ್ತಿಗೆ ಸ್ಪೋರ್ಟ್ಸ್‌ಮನ್ (ಹವ್ಯಾಸಿ) ವರ್ಗಗಳ ಸುತ್ತುಗಳನ್ನ ಹಾಕ್ತಾರೆ.

ಕ್ಲಚ್‌ಡಿಸ್ಕ್:

ಆ 75 ನಿಮಿಷದಲ್ಲಿ ಏನಾಗುತ್ತೆ ಅನ್ನೋದು ಗೊತ್ತಿದ್ದರೆ ಸೀಸನ್ ಯಾಕೆ ಹೀಗಿದೆ ಅಂತ ಇನ್ನೂ ಚೆನ್ನಾಗಿ ತಿಳಿಯುತ್ತೆ. ಟಾಪ್ ಫ್ಯುಯೆಲ್ ತಗೊಳ್ಳೋಣ. 500 ಕ್ಯೂಬಿಕ್ ಇಂಚಿನ ಎಂಜಿನ್, ಇಂಧನದಲ್ಲಿ ಗರಿಷ್ಠ 90 ಶೇಕಡಾ ನೈಟ್ರೋಮೀಥೇನ್. ವಾರ್ಮಪ್, ಬರ್ನ್‌ಔಟ್ (ಓಟಕ್ಕೆ ಮುಂಚೆ ಟೈರು ತಿರುಗಿಸಿ ಬಿಸಿ ಮಾಡೋದು), ಓಟ ಎಲ್ಲ ಸೇರಿ ಸುಮಾರು 15 ಗ್ಯಾಲನ್ ಕುಡಿಯುತ್ತೆ. ಓಟ ಮುಗಿದ ಗಾಡಿಯನ್ನ ಎಳೆದು ತಂದು, ಅಧಿಕಾರಿಗಳು ಹೇಳಿದರೆ ತೂಕ ಮತ್ತು ಇಂಧನ ಪರೀಕ್ಷೆ. ನೈಟ್ರೋ ಪ್ರಮಾಣ ನೋಡೋದು ಹೈಡ್ರೋಮೀಟರ್‌ನಲ್ಲಿ, ಇಂಧನದ ಉಷ್ಣಾಂಶವನ್ನೂ ಲೆಕ್ಕಕ್ಕೆ ತಗೊಂಡು.

ಪಿಟ್‌ಗೆ ಬಂದ ಕೂಡಲೇ ಗಾಡಿಯನ್ನ ಸ್ಟ್ಯಾಂಡ್ ಮೇಲೆ ಏರಿಸಿ ಎಣ್ಣೆ ಇಳಿಸ್ತಾರೆ. ನೈಟ್ರೋ ಬೆರೆತ ಎಣ್ಣೆ ಒಂದು ಓಟಕ್ಕೇ ಮುಗೀತು. ಸೂಪರ್‌ಚಾರ್ಜರ್ ಬಿಚ್ಚಿ ಎರಡೂ ಹೆಡ್ ಎತ್ತುತ್ತಾರೆ, ಪಿಸ್ಟನ್, ಕನೆಕ್ಟಿಂಗ್ ರಾಡ್ ಹೊರಗೆ, ಕೆಳಗಿನಿಂದ ಒಬ್ಬ ಬೇರಿಂಗ್‌ಗಳನ್ನ ಬಿಚ್ಚಿ ಸಾಲಾಗಿ ಜೋಡಿಸಿ ನೋಡ್ತಾನೆ. ಒಂದು ಬೇರಿಂಗ್ ಚಪ್ಪಟೆಯಾಗಿ ಅಂಚು ಹೊರಗೆ ಚಾಚಿದ್ದರೆ ಆ ಸಿಲಿಂಡರ್‌ಗೆ ಹೊಡೆತ ಜಾಸ್ತಿ ಬಿದ್ದಿದೆ ಅಂತ, ಮುಂದಿನ ಓಟಕ್ಕೆ ಅದರ ಇಂಧನದ ಜೆಟ್ ಬದಲಾಯಿಸ್ತಾರೆ. 16 ಸ್ಪಾರ್ಕ್ ಪ್ಲಗ್‌ಗಳೂ ಅದೇ ಕಥೆ ಹೇಳ್ತವೆ. ಹಿಂದುಗಡೆ ಇನ್ನೊಬ್ಬರು ಕ್ಲಚ್ ಪೂರ್ತಿ ತೆಗೆದು ಡಿಸ್ಕ್‌ಗಳನ್ನ ಮೈಕ್ರೋಮೀಟರ್‌ನಲ್ಲಿ ಅಳೆದು ಹೊಸ ಜೋಡಿ ಕೂರಿಸ್ತಾರೆ. ಕಟ್ಟಿದ ಮೇಲೆ ಪಿಟ್‌ನಲ್ಲೇ ಸ್ಟಾರ್ಟ್ ಮಾಡಿ ಸೋರಿಕೆ ಇದೆಯಾ ಅಂತ ನೋಡಬೇಕು. ಆಗ ಎಲ್ಲಾದರೂ ಗ್ಯಾಸ್ಕೆಟ್ ಸೋರಿದರೆ ಸಮಯವೇ ಉಳಿದಿರಲ್ಲ. ಕರೆದಾಗ ಸಾಲಿಗೆ ಬರದಿದ್ದರೆ ಎದುರಾಳಿ ಒಬ್ಬನೇ ಓಡಿ ಮುಂದಿನ ಸುತ್ತಿಗೆ ಹೋಗ್ತಾನೆ.

ಭಾನುವಾರ ಫೈನಲ್ ತನಕ ಹೋದ ತಂಡಕ್ಕೆ ನಾಲ್ಕು ಕ್ವಾಲಿಫೈಯಿಂಗ್ ಸೇರಿ ಎಂಟು ಓಟ, ಪ್ರತಿಸಲ ಇದೇ ಕೆಲಸ. 2024ರಲ್ಲಿ ರೆಡಿಂಗ್, ಷಾರ್ಲಟ್, ಸೇಂಟ್ ಲೂಯಿಸ್ ಸೆಪ್ಟೆಂಬರ್‌ನ ಮೂರು ಸತತ ವಾರಾಂತ್ಯಗಳಲ್ಲಿ ಬಂದವು. ವರ್ಕ್‌ಶಾಪ್‌ಗೆ ಹೋಗಿ ಹೊಸ ಹೆಡ್ ತರೋಕೆ ನಡುವೆ ಎರಡು ಮೂರು ದಿನವಷ್ಟೇ. ಪ್ರಶಸ್ತಿಗಾಗಿ ಪೈಪೋಟಿ ಜೋರಾಗಿರುವಾಗಲೇ ಬಿಡಿಭಾಗ ಮುಗಿಯುತ್ತಾ ಬರುತ್ತೆ. ನನ್ನ ಪ್ರಕಾರ ಇಡೀ ಕ್ಯಾಲೆಂಡರ್‌ನಲ್ಲಿ ಅತಿ ಕಷ್ಟದ ಭಾಗ ಅದು.

ಹಳದಿಬಲ್ಬ್:

ಇಬ್ಬರಿಗೂ ಧನ್ಯವಾದ, ಲಾರಿ ದಾರಿಯ ಲೆಕ್ಕದಲ್ಲಿ ನೋಡಿದರೆ ಪಟ್ಟಿ ನಿಜವಾಗಿ ಬೇರೆಯೇ ಕಾಣುತ್ತೆ. ಇನ್ನೆರಡು ಪ್ರಶ್ನೆ. ಮಳೆ ಬಂದರೆ ಏನು ಮಾಡ್ತಾರೆ? ಮತ್ತೆ ಆ ಅಂಕ ಬದಲಾಗೋ ವಿಷಯ ಹಾಗೇ ಉಳೀತು.

ಕಪ್ಪುಗೆರೆ:

ಮಳೆಯದ್ದು ಹೇಳ್ತೀನಿ. ಹಸಿ ನೆಲದಲ್ಲಿ ಡ್ರ್ಯಾಗ್ ರೇಸ್ ಇಲ್ಲವೇ ಇಲ್ಲ, ತುಂತುರು ಬಿದ್ದರೂ ನಿಲ್ಲಿಸ್ತಾರೆ. ನೆಲದ ಮೇಲೆ ಉಜ್ಜಿದ ರಬ್ಬರು ಮತ್ತು ಅಂಟುದ್ರವದ ಪದರವೇ ಗಾಡಿಯನ್ನ ಹಿಡಿದಿಡೋದು, ನೀರು ಅದರ ಮೇಲೆ ಕೂತರೆ ಹಿಡಿತ ಸೊನ್ನೆ. ಎನ್‌ಎಚ್‌ಆರ್‌ಎಯ ಸೇಫ್ಟಿ ಸಫಾರಿ ತಂಡ ಜೆಟ್ ಎಂಜಿನ್ ಕಟ್ಟಿದ ಗಾಡಿಗಳಲ್ಲಿ ನೆಲ ಒಣಗಿಸಿ, ಎದ್ದುಬಂದ ರಬ್ಬರು ಕೆರೆದು, ಮತ್ತೆ ಅಂಟುದ್ರವ ಸಿಂಪಡಿಸಿ, ಟೈರು ಕಟ್ಟಿದ ಟ್ರ್ಯಾಕ್ಟರ್ ಎಳೆದು ಪದರ ಕೂರಿಸುತ್ತೆ. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಬೇಕಾಗೋದು ಇದಕ್ಕೇ. ನೆಲ ಒಣಗಿದೆ ಅಂತ ಕಣ್ಣಿಗೆ ಕಂಡರೆ ಸಾಲದು, ಗೋಡೆ ಪಕ್ಕದಿಂದಲೂ ಕಾಂಕ್ರೀಟ್ ಸಂದುಗಳಿಂದಲೂ ನೀರು ಜಿನುಗುತ್ತಿರುತ್ತೆ.

ಕ್ವಾಲಿಫೈಯಿಂಗ್ ಒಂದೇ ಓಟಕ್ಕೆ ನಿಂತರೆ ಆ ಒಂದರ ಟೈಮ್‌ನಿಂದಲೇ ಏಣಿ ಕಟ್ಟುತ್ತಾರೆ. ಮೋಡ ಕವಿದ ಶುಕ್ರವಾರ ಎಲ್ಲರೂ ಮೊದಲ ಓಟಕ್ಕೇ ಜಾಗರೂಕರಾಗಿ, ಗೆರೆ ಮುಟ್ಟೋ ಥರ ಟ್ಯೂನ್ ಇಡೋದು ಇದಕ್ಕೇ. ಎಲಿಮಿನೇಷನ್ ಭಾನುವಾರ ಮುಗಿಯದಿದ್ದರೆ ಸೋಮವಾರ. ಸೋಮವಾರವೂ ಆಗಲ್ಲ ಅಂದರೆ ಉಳಿದ ಸುತ್ತುಗಳನ್ನ ಮುಂದಿನ ಟ್ರ್ಯಾಕ್‌ನ ಕ್ವಾಲಿಫೈಯಿಂಗ್ ಜೊತೆ ಓಡಿಸ್ತಾರೆ. ಅಂಕ ಹಿಂದಿನ ರೇಸ್‌ನದ್ದು, ನೆಲ ಮತ್ತು ಹವೆ ಮಾತ್ರ ಹೊಸದು.

ಮಳೆಗಿಂತ ಹೆಚ್ಚಾಗಿ ವೇಳಾಪಟ್ಟಿ ಕೆಡಿಸೋದು ಎಣ್ಣೆ. ರಾಡ್ ಒಂದು ಮುರಿದು ಬ್ಲಾಕ್ ತೂತಾದರೆ ಲೇನ್ ಉದ್ದಕ್ಕೂ ಎಣ್ಣೆ ಚೆಲ್ಲುತ್ತೆ, ಒರೆಸಿ ಮತ್ತೆ ಸಿದ್ಧಮಾಡೋಕೆ ಅರ್ಧ ಗಂಟೆ ಹೋಗೋದು ಸಾಮಾನ್ಯ. ಎಂಜಿನ್ ಕೆಳಗೆ ಎಣ್ಣೆ ಹಿಡಿಯೋಕೆ ಡಯಾಪರ್ ಕಟ್ಟಲೇಬೇಕು ಅನ್ನೋ ನಿಯಮ ಅದಕ್ಕೇ ಇದೆ. ಆದರೂ ಚೆಲ್ಲಿದರೆ ದಂಡದ ಜೊತೆ ಅಂಕವೂ ಕಡಿತ.

ಲೇನ್ ಆಯ್ಕೆಯನ್ನೂ ಇದರ ಜೊತೆ ಗಮನಿಸಿ. ಮೊದಲ ಸುತ್ತಿನಲ್ಲಿ ಮೇಲಿನ ಸ್ಥಾನದಲ್ಲಿ ಕ್ವಾಲಿಫೈ ಆದವರಿಗೆ ಆಯ್ಕೆ. ಎರಡನೇ ಸುತ್ತಿನಿಂದ, ಹಿಂದಿನ ಸುತ್ತಿನಲ್ಲಿ ಇಬ್ಬರಲ್ಲಿ ಯಾರು ಕಡಿಮೆ ಟೈಮ್‌ಗೆ ಓಡಿದರೋ ಅವರಿಗೆ. ಎದುರಾಳಿ ಟೈರು ಸುಟ್ಟು ನಿಂತರೂ ಕೆಲವರು ಕೊನೆತನಕ ಆಕ್ಸಿಲರೇಟರ್ ಬಿಡದಿರೋದು ಅದಕ್ಕೆ. ಬೇಸಿಗೆಯಲ್ಲಿ ಒಂದು ಲೇನ್‌ಗೆ ನೆರಳು, ಇನ್ನೊಂದಕ್ಕೆ ಬಿಸಿಲು ಬಿದ್ದರೆ ಆ ಆಯ್ಕೆಯೇ ಅರ್ಧ ಗೆಲುವು.

ಟೈಮ್‌ಸ್ಲಿಪ್:

ಅಂಕದ ವಿಷಯ. ಮೊದಲ ಸುತ್ತಿನಲ್ಲಿ ಸೋತರೆ 20, ಎರಡನೆಯದರಲ್ಲಿ 40, ಸೆಮಿಯಲ್ಲಿ 60, ಫೈನಲ್ ಸೋತರೆ 80, ಗೆದ್ದರೆ 100. ಅಂದರೆ ಪ್ರತಿ ಸುತ್ತಿನ ಗೆಲುವಿಗೆ 20 ಹೆಚ್ಚು ಅಂತ ನೆನಪಿಟ್ಟರೆ ಸಾಕು. ಇದರ ಮೇಲೆ ಕ್ವಾಲಿಫೈಯಿಂಗ್ ಸ್ಥಾನಕ್ಕೆ 8ರಿಂದ 1ರವರೆಗೆ, ಪ್ರತಿ ಕ್ವಾಲಿಫೈಯಿಂಗ್ ಓಟದ ಅತಿ ವೇಗದವರಿಗೆ ಒಂದೆರಡು ಚಿಲ್ಲರೆ ಅಂಕ.

2024ರಲ್ಲಿ ಗೇನ್ಸ್‌ವಿಲ್‌ನಿಂದ ಇಂಡಿ ತನಕ 14 ರೇಸ್, ಅದು ಒಂದು ಸೀಸನ್. ಇಂಡಿ ಮುಗಿದ ಮೇಲೆ ಪಟ್ಟಿಯ ಮೊದಲ ಹತ್ತು ಮಂದಿಯ ಅಂಕಗಳನ್ನ ಹತ್ತಿರ ಹತ್ತಿರ ತಂದು ಮತ್ತೆ ಹಂಚುತ್ತಾರೆ: ಮೊದಲನೆಯವರು ಎರಡನೆಯವರಿಗಿಂತ 20 ಮುಂದೆ, ಅಲ್ಲಿಂದ ಕೆಳಗೆ ಹತ್ತತ್ತು ಅಂತರ. ಮೊದಲಿಗೂ ಹತ್ತನೆಯವರಿಗೂ ಬರೀ 100. ಶನಿವಾರದ ಆ ಪುಟ್ಟ ಸ್ಪರ್ಧೆಯ ಬೋನಸ್ ಈಗ ಸೇರುತ್ತೆ. ಆಮೇಲೆ ಆರು ರೇಸ್: ರೆಡಿಂಗ್, ಷಾರ್ಲಟ್, ಸೇಂಟ್ ಲೂಯಿಸ್, ಡಲ್ಲಾಸ್ ಪಕ್ಕದ ಎನಿಸ್, ಲಾಸ್ ವೇಗಸ್, ಪೊಮೋನಾ. ಈ ಆರಕ್ಕೆ ಕೌಂಟ್‌ಡೌನ್ ಅಂತ ಹೆಸರು, 2007ರಲ್ಲಿ ಶುರುವಾದ ಪದ್ಧತಿ.

ಬೇಸಿಗೆ ಪೂರ್ತಿ ದುಡಿದು 300 ಅಂಕ ಮುಂದಿದ್ದವರಿಗೆ ಅದು 20 ಆಗೋದು ಅನ್ಯಾಯ ಅನ್ನೋರು ಬಹಳ. ನನಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಲೆಕ್ಕ ಹಾಕಿ ನೋಡಿ, ಒಬ್ಬ ರೇಸ್ ಗೆದ್ದು ಇನ್ನೊಬ್ಬ ಮೊದಲ ಸುತ್ತಿನಲ್ಲೇ ಸೋತರೆ ಒಂದೇ ದಿನ 80ರ ವ್ಯತ್ಯಾಸ. ಹತ್ತನೆಯವರಿಗೂ ಪ್ರಶಸ್ತಿ ಕೈಗೆಟಕುವ ದೂರದಲ್ಲಿದೆ. ಹಾಗಾಗಿ ಜೂನ್‌ನಲ್ಲಿ ಹಿಂದೆ ಬಿದ್ದ ತಂಡ ಕೈಚೆಲ್ಲಲ್ಲ, ಹೊಸ ಕ್ಲಚ್ ಹೊಂದಿಕೆ ಪರೀಕ್ಷೆ ಮಾಡುತ್ತೆ.

ಷಾರ್ಲಟ್ ಮತ್ತು ಲಾಸ್ ವೇಗಸ್‌ನ ವಸಂತಕಾಲದ ರೇಸ್‌ಗಳು ಬೇರೆ ಥರ, ಒಟ್ಟಿಗೆ ನಾಲ್ಕು ಗಾಡಿ ಓಡ್ತವೆ. ಷಾರ್ಲಟ್‌ನಲ್ಲಿ 2010ರಿಂದ, ವೇಗಸ್‌ನಲ್ಲಿ 2018ರಿಂದ. ನಾಲ್ಕರಲ್ಲಿ ಮೊದಲ ಇಬ್ಬರು ಮುಂದಕ್ಕೆ, ಹಾಗಾಗಿ 16ರಿಂದ 8, 8ರಿಂದ 4, ಮೂರೇ ಸುತ್ತಿಗೆ ಮುಗಿಯುತ್ತೆ. ಅಲ್ಲಿ ಎರಡನೇ ಬಂದರೂ ಬದುಕಬಹುದು ಅನ್ನೋದರಿಂದ ಟ್ಯೂನ್ ಇಡೋ ಧೈರ್ಯವೇ ಬೇರೆ. ಅದೇ ಟ್ರ್ಯಾಕ್‌ಗಳ ಕೌಂಟ್‌ಡೌನ್ ರೇಸ್ ಮಾತ್ರ ಎಂದಿನಂತೆ ಇಬ್ಬಿಬ್ಬರದು. ಎರಡರ ಫಲಿತಾಂಶವನ್ನ ಒಂದೇ ಅಳತೆಗೋಲಿನಲ್ಲಿ ನೋಡಬೇಡಿ.

ಇನ್ನು ಇಂಡಿ ಮತ್ತು ಪೊಮೋನಾ ಫೈನಲ್ಸ್‌ಗೆ ಒಂದೂವರೆ ಪಟ್ಟು ಅಂಕ. ಸುತ್ತಿಗೆ 20ರ ಬದಲು 30. ಪೊಮೋನಾಕ್ಕೆ ಹೋಗುವಾಗ ಇಬ್ಬರ ನಡುವೆ 100 ಅಂಕ ಇದ್ದರೂ ಲೆಕ್ಕ ಮುಗಿದಿರಲ್ಲ: ಗೆದ್ದವರಿಗೂ ಮೊದಲ ಸುತ್ತಿನಲ್ಲಿ ಸೋತವರಿಗೂ ಅಲ್ಲಿ 120ರ ವ್ಯತ್ಯಾಸ. ಅಂಕಪಟ್ಟಿ ಬರೆದಿಟ್ಟುಕೊಳ್ಳುವುದಾದರೆ ಆ ಎರಡು ರೇಸ್‌ಗೆ ಬೇರೆ ಕಾಲಂ ಮಾಡಿಕೊಳ್ಳಿ.